ತೊಟ್ಟಿಲ ಆದೆಪ್ಪನ ಪಾಳಿ

ಕನಕಗಿರಿ ಸಂತೆಯಲ್ಲಿ ತಿರುಗುವ ತೊಟ್ಟಿಲು ನಡೆಸುವ ಆದೆಪ್ಪನಷ್ಟು ನಿಧಾನದ ಮನುಷ್ಯ ನಿಜಾಮರ ಇಡೀ ರಾಜ್ಯದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಇರುವುದು ನಾಲ್ಕೇ ತೊಟ್ಟಿಲು. ಅವು ತುಂಬುವಷ್ಟರಲ್ಲಿ ಪಾಳಿಯಲ್ಲಿ ನಿಂತವರ ನೆರಳು ಪೂರ್ವಕ್ಕೆ ಹೊರಳಿರುತ್ತದೆ. ಕೆಳಗೆ ಒಬ್ಬರನ್ನು ಕೂರಿಸಿ ಹಗ್ಗ ಕಟ್ಟುತ್ತಾನೆ, ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ, ಆಮೇಲೆ ಎಲೆಯಡಿಕೆ ಚೀಲ ಹುಡುಕುತ್ತಾನೆ. ಅಲ್ಲಿಯವರೆಗೆ ಮೇಲಿದ್ದವರು ಮೇಲೆಯೇ ನೇತಾಡಬೇಕು. ಕೇಳಿದರೆ "ಪಾಳಿ ಬರತೈತಿ, ನಿಂದರ್ರಿ" ಎಂಬ ಒಂದೇ ಮಾತು. "ಲಗುಲಗು ಇಬ್ಬಿಬ್ಬರನ್ನ ಕುಂದರಿಸಬಾರದೇನೋ? ಬುದ್ಧಿ ಐತೋ ಇಲ್ಲೋ ನಿನಗ?" ಎಂದು ಈ ವಾರ ನಾನು ರೇಗಿಯೇ ಬಿಟ್ಟೆ. ಅವನು ಹಗ್ಗ ಬಿಡದೆ ಕಣ್ಣಿನಲ್ಲೇ ಮೇಲೆ ತೋರಿಸಿದ. ತುತ್ತತುದಿಯ ತೊಟ್ಟಿಲಲ್ಲಿ ಕೂಲಿಯ ಕನಕಮ್ಮ ಕೂತಿದ್ದಳು. "ಅಲ್ಲಿಂದ ಆಕಿ ತವರೂರು ನವಲಿ ಹಾದಿ ಕಾಣತೈತ್ರಿ. ಮೂರು ವರ್ಷ ಆತು, ಅತ್ತಿ ಕಳಿಸಿಲ್ಲ. ಕೆಳಗ ನಾ ಎಷ್ಟು ತಡಾ ಮಾಡ್ತೀನೋ ಅಷ್ಟು ಹೊತ್ತು ಆಕಿ ನೋಡ್ತಾಳ" ಎಂದ. ನನ್ನ ಹಿಂದೆ ನಿಂತವನೊಬ್ಬ "ಲಗೂನ ತಿರುವಲೇ!" ಎಂದು ಅರಚಿದ. "ಬಾಯಿ ಮುಚ್ಚಿ ನಿಂದ್ರಲೇ!" ಎಂದು ನಾನು ಅವನ ಮೇಲೆ ಹರಿಹಾಯ್ದೆ.