ಸಾಧುಪ್ರಾಣಿಯ ಮೀಸೆ

ಮುತ್ತಜ್ಜ ಊರಿನ ಯಜಮಾನನ ಗಡ್ಡ ಹೆರೆಯುತ್ತಿದ್ದಾಗ ಅವನ ಜಿಪುಣತನದ ಬಗ್ಗೆ ಒಂದು ಮಾತು ಆಡಿದ. ಯಜಮಾನ ಅರ್ಧ ಗಡ್ಡದಲ್ಲೇ ಎದ್ದುಹೋದ, ಮುತ್ತಜ್ಜ ಊರನ್ನೇ ಬಿಟ್ಟುಹೋದ. ಅಜ್ಜ ಅತ್ತೆಗೆ ಎದುರುತ್ತರ ಕೊಟ್ಟು ಇಡೀ ಮಳೆಗಾಲ ಕೊಟ್ಟಿಗೆಯಲ್ಲಿ ಮಲಗಿದ. ಅಲ್ಲೂ ಬಾಯಿ ಸುಮ್ಮನಿರದೆ ಎಮ್ಮೆಯ ನಿದ್ದೆ ಕೆಡಿಸಿ ಒದೆ ತಿಂದ. ಅಪ್ಪ ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತು 'ಉಪ್ಪು ಸ್ವಲ್ಪ ಜಾಸ್ತಿ' ಅಂದ. ಆಮೇಲೆ ಸಾಯುವ ತನಕ ಸಪ್ಪೆಯನ್ನೇ ಉಂಡ. ಕೈ ಬಂಗಾರ, ಬಾಯಿ ಬಚ್ಚಲು: ಇದು ಆ ಕ್ಷೌರಿಕರ ಮನೆತನದ ಜಾತಕ.

ಆ ವಂಶದ ನಾಲ್ಕನೆಯ ಕುಡಿಗೆ ಮಾತ್ರ ಊರು ಸಾಧುಪ್ರಾಣಿ ಎಂದು ಹೆಸರಿಟ್ಟಿತು. ಹೆಂಡತಿ ಒಂದಕ್ಕೆ ಹತ್ತು ಆಡಿದರೂ ಈ ಮನುಷ್ಯ ಮುಗುಳ್ನಗುತ್ತ ಕೂತಿರುತ್ತಾನೆ, ಹಾವಿನ ಹುತ್ತದಲ್ಲಿ ಹಸು ಹುಟ್ಟಿದೆ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಅವರಿಗೇನು ಗೊತ್ತು? ಹಿರಿಯರ ನಾಲಿಗೆ ಇವನಿಗೂ ಪೂರ್ತಿಯಾಗಿಯೇ ಬಂದಿತ್ತು. ಹಿರಿಯರಿಗೆ ಇಲ್ಲದ ಒಂದು ಭಾಗ್ಯ ಇವನಿಗಿತ್ತು, ಅಷ್ಟೆ. ಇವನ ಅಂಗಡಿಯ ಎದುರಿಗೇ ವಾಯುನೆಲೆಯ ಹೆಬ್ಬಾಗಿಲು, ಮನೆಯ ಹಿತ್ತಲಿಗೇ ಅದರ ಬೇಲಿ.

ಆ ವಾಯುನೆಲೆಯಿಂದ ಊರಿನ ಒಲೆ ಉರಿಯುತ್ತಿತ್ತು. ಸಾಧುಪ್ರಾಣಿಯ ಕತ್ತರಿಗೆ ಸೈನಿಕರ ತಲೆ, ದರ್ಜಿಯ ಸೂಜಿಗೆ ಅವರ ಸಮವಸ್ತ್ರ, ಬೇಕರಿಗೆ ಅವರ ಬ್ರೆಡ್ಡು. ಅದು ದೇಶ ಕಾಯುತ್ತಿತ್ತು ಅನ್ನುವುದು ದೊಡ್ಡವರ ಮಾತು. ಊರಿನ ಸಂಸಾರಗಳನ್ನೂ ಕಾಯುತ್ತಿತ್ತು ಅನ್ನುವುದು ಊರಿನವರ ಮಾತು. ಯುದ್ಧವಿಮಾನ ಏರಿತೆಂದರೆ ಕಿಟಕಿ ಗಡಗಡ, ಪಾತ್ರೆ ಗಣಗಣ, ಪಕ್ಕದವರು ಕೂಗಿದರೂ ಕೇಳದು. ಬೀದಿ ಜಗಳಗಳು ನಡುವೆಯೇ ನಿಂತುಬಿಡುತ್ತಿದ್ದವು. ಸದ್ದು ಅಡಗುವಷ್ಟರಲ್ಲಿ ಯಾಕೆ ಜಗಳ ಆಡುತ್ತಿದ್ದೆವೆಂದು ಇಬ್ಬರಿಗೂ ಮರೆತಿರುತ್ತಿತ್ತು. ಅವಸರದವರು ಮಾತ್ರ ಸದ್ದಿನಲ್ಲೇ ಮಾತು ಮುಂದುವರಿಸುತ್ತಿದ್ದರು, ಎದುರಿನವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಸಾಧುಪ್ರಾಣಿಯಂತೂ ಗಿರಾಕಿಯ ಕತ್ತು ಬಗ್ಗಿಸಿಕೊಂಡು, ಹಿಂದಿನ ಬೆಂಚಿನಲ್ಲಿ ಕೂತವರ ಗುಟ್ಟನ್ನು ಕನ್ನಡಿಯಲ್ಲೇ ಓದುವಷ್ಟು ಪಳಗಿದ್ದ.

ಬೆಳಗಿನ ಮೊದಲ ವಿಮಾನ ಏರುವುದೂ ಅವನು ತಿಂಡಿಗೆ ಕೂರುವುದೂ ಒಂದೇ ಹೊತ್ತಿಗೆ. ಹೆಂಡತಿ ಒದ್ದೆ ಟವಲ್ಲಿನಿಂದ ಶುರುಮಾಡಿ ಅವನ ಅತ್ತಿಗೆಯ ತನಕ ಎಲ್ಲದರ ವಿಚಾರಣೆ ಮುಗಿಸಿರುತ್ತಿದ್ದಳು. ಅವನು ಕಾಯುತ್ತಿದ್ದ. ಬೇಲಿಯಾಚೆ ಗುಡುಗು ಎದ್ದೊಡನೆ, ಅವಳ ಮುಖವನ್ನೇ ನೋಡುತ್ತ, ಹಾಲಿನಂಥ ನಗು ನಗುತ್ತ, ಮನಸ್ಸಿನಲ್ಲಿದ್ದುದನ್ನೆಲ್ಲ ಬಾಯ್ತುಂಬ ಹೇಳಿ ಮುಗಿಸುತ್ತಿದ್ದ. ಅದರಲ್ಲಿ ಹೆಚ್ಚಿನ ಪಾಲು ಬೇಕರಿ ನಡೆಸುವ ಅವಳ ಅಣ್ಣನದು. ಸದ್ದು ಅಡಗಿದಾಗ ಅವನು ಮತ್ತೆ ಸಾಧುಪ್ರಾಣಿ. ಹೊಟ್ಟೆ ಹಗುರ, ಮನೆ ತಣ್ಣಗೆ. ಸದ್ದು ಅಡಗುವ ಮೊದಲೇ ಅವಳು ಒಲೆಯ ಕಡೆ ತಿರುಗಿ ತನ್ನ ಕೆಲಸ ಹಿಡಿದಿರುತ್ತಿದ್ದಳು.

ಹೀಗೆ ತಲೆಯ ಕೂದಲು ನೆರೆಯುವ ತನಕ ಸಂಸಾರ ಸಾಗಿತು. ಆಮೇಲೆ ಒಂದು ದಿನ ರನ್‌ವೇ ಬಿರುಕು ಬಿಟ್ಟಿದೆ, ರಿಪೇರಿ ಮುಗಿಯುವವರೆಗೆ ವಿಮಾನಗಳು ಸೈನಿಕರ ಸಮೇತ ಬೇರೆಡೆಗೆ ಹೋಗುತ್ತವೆ ಎಂಬ ಸುದ್ದಿ ಬಂತು.

ಊರಿಗೆ ಗರಬಡಿದಂತಾಯಿತು. ಸದ್ದಿಲ್ಲದೆ ತೊಟ್ಟಿಲಿನ ಕೂಸುಗಳು ಮಲಗಲೊಲ್ಲವು. ದರ್ಜಿಗೂ ಅವನ ತಮ್ಮನಿಗೂ ಸೋಮವಾರ ಹತ್ತಿದ ಜಗಳ ನಿಲ್ಲಿಸುವವರಿಲ್ಲದೆ ಶನಿವಾರಕ್ಕೂ ನಡೆದಿತ್ತು. ಸಾಧುಪ್ರಾಣಿಯ ಪಾಡು ಇವರೆಲ್ಲರಿಗಿಂತ ಕೆಟ್ಟಿತು. ಆಡದ ಮಾತು ಹೊಟ್ಟೆಯಲ್ಲಿ ಕೂತು ಹುದುಗು ಬಂದ ಹಿಟ್ಟಿನಂತೆ ಉಬ್ಬತೊಡಗಿತು. ಬಾಯಿ ತೆರೆದರೆ ಅಪ್ಪನ ಸಪ್ಪೆ ತಟ್ಟೆ ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟು ವರ್ಷದ ನೆಮ್ಮದಿ, ಬಿಸಿ ಊಟ, ಒಳ್ಳೆಯ ಹೆಸರು, ಎಲ್ಲ ಒಂದೇ ಮಾತಿಗೆ ಮಣ್ಣುಪಾಲಾದರೆ?

ಕೊನೆಗೆ ಅವನು ಮಿಕ್ಸಿಯ ಮೊರೆಹೊಕ್ಕ. ಹೆಂಡತಿ ಶುರುಮಾಡಿದ ಕೂಡಲೇ ಎದ್ದು ಮಿಕ್ಸಿ ತಿರುಗಿಸುವುದು, ಅದರ ಪಕ್ಕ ನಿಂತು ನಗುತ್ತ ಮಾತಾಡುವುದು. ಜಾರು ಖಾಲಿ ಇದೆಯಲ್ಲ ಎಂದು ಅವಳು ಕೇಳಿದರೆ, ಬ್ಲೇಡು ಮೊಂಡಾಗಿದೆಯೋ ಏನೋ ನೋಡುತ್ತಿದ್ದೇನೆ ಅನ್ನುತ್ತಿದ್ದ. ಕ್ಷೌರಿಕನಲ್ಲವೇ, ನಂಬಿಕೆ ಬರುವಂಥ ಮಾತೇ.

ಆ ಭಾನುವಾರ ಬೇಕರಿಯ ಅಣ್ಣ ಬ್ರೆಡ್ಡಿನ ಪೊಟ್ಟಣ ಹಿಡಿದು ತಂಗಿಯ ಮನೆಗೆ ಬಂದ. ಸೈನಿಕರಿಲ್ಲದೆ ಸರಕು ಉಳಿದಿತ್ತು. ನಮ್ಮಣ್ಣನ ಕೈಗುಣ ಯಾರಿಗೂ ಬರಲ್ಲ ಎಂದು ತಂಗಿ ಹೊಗಳಿದಳು. ಸಾಧುಪ್ರಾಣಿಗೆ ತಡೆಯಲಾಗಲಿಲ್ಲ. ಮಿಕ್ಸಿ ಹಾಕಿದ, ಬಾಯಿ ಬಿಟ್ಟ. ಮಾತು ಅರ್ಧಕ್ಕೆ ಬಂದಿತ್ತು, ಫಟ್ಟನೆ ಕರೆಂಟು ಹೋಯಿತು. ಮಿಕ್ಸಿ ನಿಂತಿತು, ನಾಲಿಗೆ ನಿಲ್ಲಲಿಲ್ಲ. "...ನಿಮ್ಮಣ್ಣನ ಬ್ರೆಡ್ಡಲ್ಲಿ ಗೋಡೆ ಕಟ್ಟಬಹುದು, ಆ ಗೋಡೆಗೆ ಅವನ ತಲೇನೇ ಅಡಿಗಲ್ಲು" ಎಂಬುದು ಸದ್ದಿಲ್ಲದ ಅಡುಗೆಮನೆಯಲ್ಲಿ ಗಂಟೆ ಹೊಡೆದ ಹಾಗೆ ಮೊಳಗಿತು.

ಅಣ್ಣ ಒಂದು ಬ್ರೆಡ್ಡು ತೆಗೆದು ಮೇಜಿನ ಮೇಲೆ ಕುಟ್ಟಿದ. ಟಕ್ ಅಂತು. ಇನ್ನೊಮ್ಮೆ ಕುಟ್ಟಿ ಕಿವಿಗೊಟ್ಟು ಕೇಳಿದ. "ಹಾಗಾದ್ರೆ ರನ್‌ವೇ ರಿಪೇರಿಗೆ ಕಳಿಸೋಣ್ವಾ ಭಾವ?" ಅಂದ.

ಸಾಧುಪ್ರಾಣಿ ಹೆಂಡತಿಯ ಮುಖ ನೋಡಿದ. ಕೊಟ್ಟಿಗೆ, ಸಪ್ಪೆ ತಟ್ಟೆ, ಊರಾಚೆಯ ದಾರಿ ಒಟ್ಟಿಗೇ ಕಂಡವು. ಅವಳು ಬ್ರೆಡ್ಡು ಕತ್ತರಿಸಲು ಗರಗಸದಂಥ ಚಾಕು ಹುಡುಕುತ್ತಿದ್ದಳು.

"ಯಾಕ್ರೀ ಹಾಗೆ ಬೆವರ್ತೀರಿ?" ಅಂದಳು. "ಹೊಸದೇನು ಹೇಳಿದ್ರಿ? ದಿನಾ ಮೊದಲನೇ ವಿಮಾನಕ್ಕೆ ಇದನ್ನೇ ಅಲ್ವಾ ಹೇಳೋದು? ಅಡಿಗಲ್ಲು ಮಾತ್ರ ಹೊಸದು. ಚೆನ್ನಾಗಿದೆ."

ಅವನಿಗೆ ಆಗ ಹೊಳೆಯಿತು. ಊರಿಗೆ ಊರೇ ತುಟಿ ಓದುತ್ತದೆ. ಊರಿನೊಳಗೆ ತನ್ನ ಮನೆಯೂ ಇದೆ. ದೀಪದ ಬುಡದಲ್ಲೇ ಕತ್ತಲೆ. ಇಷ್ಟು ವರ್ಷ ಅವಳ ಮುಖಕ್ಕೆ ಮುಖ ಕೊಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬೈದಿದ್ದ.

"ಮತ್ತೆ ನೀನು ಸುಮ್ನೆ ಇದ್ದೆ?"

"ಯಾರು ಹೇಳಿದ್ದು? ಒಂದಕ್ಕೂ ಉತ್ತರ ಬಾಕಿ ಇಟ್ಟಿಲ್ಲ. ಒಲೆ ಕಡೆ ತಿರುಗಿಕೊಂಡು ಕೊಡ್ತಿದ್ದೆ."

ಬೇಕರಿಯ ಅಣ್ಣ ನಗುವಿನ ಭರಕ್ಕೆ, ಬಾಯಿಗಿಟ್ಟಿದ್ದ ತನ್ನ ಬ್ರೆಡ್ಡೇ ಗಂಟಲಿಗೆ ಸಿಕ್ಕಿ ಒದ್ದಾಡಿದ. ಸಾಧುಪ್ರಾಣಿಯೇ ಬೆನ್ನಿಗೆ ಗುದ್ದಿ ಉಳಿಸಬೇಕಾಯಿತು. ಒಂದೆರಡು ಗುದ್ದು ಹೆಚ್ಚಿಗೇ ಬಿತ್ತು.

ಬಿಸಿ ಊಟವೇನೂ ತಪ್ಪಲಿಲ್ಲ. ತಪ್ಪಿದ್ದು ನೆಮ್ಮದಿ. ಒಲೆಯ ಕಡೆ ತಿರುಗಿ ಅವಳು ಆಡಿದ್ದೇನು? ಕೇಳಿದರೆ, ವಿಮಾನ ಬರಲಿ ಹೇಳುತ್ತೇನೆ ಅನ್ನುತ್ತಿದ್ದಳು. ರಿಪೇರಿ ಮುಗಿದು ವಿಮಾನಗಳು ಬಂದವು. ಕೂಸುಗಳು ಮಲಗಿದವು, ದರ್ಜಿಯ ಜಗಳ ನಿಂತಿತು. ಬೆಳಗಿನ ಮೊದಲ ಗುಡುಗಿಗೆ ಅವಳು ಎಂದಿನಂತೆ ಬೆನ್ನು ತಿರುಗಿಸಿದಳು. ಬೆನ್ನು ಅಲುಗಿದ್ದನ್ನು ನೋಡಿ ಅವನು ಬೈಗುಳದ ಉದ್ದ ಅಳೆದನೇ ಹೊರತು ಅಕ್ಷರ ಸಿಗಲಿಲ್ಲ.

ಆವತ್ತಿನಿಂದ ಸಾಧುಪ್ರಾಣಿ ಮೀಸೆ ಬಿಟ್ಟ. ಊರಿನ ಮೀಸೆಗಳನ್ನೆಲ್ಲ ತಿದ್ದುವ ಕೈ ತನ್ನದನ್ನು ಮಾತ್ರ ಮುಟ್ಟಲಿಲ್ಲ. ಅದು ಹಳೆಯ ಪೊರಕೆಯ ಹಾಗೆ ಇಳಿದು ಎರಡೂ ತುಟಿಗಳನ್ನು ಮುಚ್ಚಿತು. ಈಗ ಅವನು ಗುಡುಗಿನಲ್ಲಿ ಬೈದರೆ ಪೊರಕೆ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಚಹಾ ಕುಡಿಯುವಾಗ ಮಾತ್ರ ಅರ್ಧ ಲೋಟ ಮೀಸೆಯೇ ಕುಡಿದು ಅಂಗಿಗೆ ಸುರಿಸುತ್ತಿತ್ತು. ನೋಡಿ ನೋಡಿ ಸಾಕಾಗಿ ಹೆಂಡತಿ ಅವನ ಅಂಗಡಿಯ ಕತ್ತರಿಯನ್ನೇ ತಂದು, ಬನ್ನಿ, ತುದಿ ಸ್ವಲ್ಪ ಕತ್ತರಿಸಿ ಕೊಡುತ್ತೇನೆ ಎಂದು ಕರೆದಳು.

ಅವನು ಮೀಸೆ ಹಿಂಡಿಕೊಂಡು ಹೇಳಿದ: "ಬೇಡ ಕಣೆ, ಕತ್ತರಿ ಒಳಗಿಡು. ನಿನಗೆ ಬೆನ್ನಿದೆ, ನನಗೆ ಮೀಸೆ ಇರಲಿ. ಚಹಾನ ನಾನೇ ಸೋಸ್ಕೊಂಡು ಕುಡೀತೀನಿ."