ಹೆಬ್ಬಾವಿನ ಪೆಟ್ಟಿಗೆಗೆ ಹೊದಿಸಿದ ಸೀರೆ

ಹಗ್ಗ ಕಂಡರೂ ಹಾವೆಂದು ಹೆದರುವವಳು ನಾನು. ಕಡಲಾಚೆಯ ಈ ಬೆರ್ರಿಯೆಸಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ಹದಿನೇಳು ವರ್ಷದ ಮಗಳು ಎರಡು ಹೆಬ್ಬಾವು ಸಾಕಿದ್ದಾಳೆ ಎಂದರೆ ಬಂಧುಗಳು ಇಂದಿಗೂ ನಂಬುವುದಿಲ್ಲ. ವಿಷವಿಲ್ಲದ, ಎರಡು ಮೊಳದ ಪುಟ್ಟ ಜಾತಿ ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಹಾವಿನಲ್ಲಿ ಪುಟ್ಟದೇನು, ದೊಡ್ಡದೇನು!

ಸಾಕಿದ್ದು ಸಾಲದೆಂದು ಮರಿ ಮಾಡಿಸಲು ಹೊರಟಳು. ಬಟ್ಟೆ ತುಂಬಿಡುವ ಅಗಲವಾದ ಪ್ಲಾಸ್ಟಿಕ್ ಪೆಟ್ಟಿಗೆ ತಂದು ಸುತ್ತ ಗಾಳಿಗೆ ತೂತು ಕೊರೆದಳು. ಒಂದು ತುದಿಯ ಕೆಳಗೆ ಬಿಸಿ ಮಾಡುವ ಮ್ಯಾಟು, ಅದು ಅತಿಯಾಗದಂತೆ ಥರ್ಮೋಸ್ಟಾಟು. ಇನ್ನೊಂದು ತುದಿ ತಂಪು. ತಳಕ್ಕೆ ತೆಂಗಿನ ಸಿಪ್ಪೆಯ ಚೂರು. ತೆಂಗಿನ ಸಿಪ್ಪೆಯನ್ನೂ ಅಂಗಡಿಯಿಂದ ತರುತ್ತಾರೆಂದು ನನಗೆ ಗೊತ್ತಾದದ್ದು ಅಂದೇ. ಮೊಟ್ಟೆಯಿಡಲು ಮೂಲೆಯಲ್ಲಿ ಒದ್ದೆ ಪಾಚಿ ತುಂಬಿದ ಡಬ್ಬ. ಗಂಡು ಹಾವನ್ನು ಕೆಲವು ದಿನ ಹೆಣ್ಣಿನ ಜೊತೆಗೆ ಬಿಟ್ಟು, ಆಮೇಲೆ ಬೇರೆ ಮಾಡಿದಳು.

"ಅಮ್ಮಾ, ಶಿ ಈಸ್ ಪ್ರೆಗ್ನೆಂಟ್. ಅವಳಿಗೆ ಕತ್ತಲೆ ಬೇಕು, ಡೋಂಟ್ ಡಿಸ್ಟರ್ಬ್ ಹರ್," ಎಂದು ಹೇಳಿ ಮೂರು ದಿನದ ಸ್ಕೂಲ್ ಟ್ರಿಪ್ಪಿಗೆ ಹೋದಳು. ಥರ್ಮೋಸ್ಟಾಟಿನ ಅಂಕಿ ನೋಡುವುದಷ್ಟೇ ನನ್ನ ಕೆಲಸ.

ಬಸುರಿ ಎಂದ ಕೂಡಲೇ ನನ್ನ ಮನಸ್ಸು ಕರಗಿತು. ಪೆಟ್ಟಿಗೆಯೋ ಒಳಗಿನದೆಲ್ಲ ಕಾಣುವಂಥದ್ದು. ಬಾಣಂತಿ ಕೋಣೆಗೆ ಕತ್ತಲೆ ಮಾಡುವುದು ನಮಗೇನು ಹೊಸತೇ? ಸೂಟ್‌ಕೇಸಿನಿಂದ ಮೆತ್ತನೆಯ ಹಳೆಯ ನೂಲಿನ ಸೀರೆ ತೆಗೆದು, ನಾಲ್ಕು ಮಡಿಕೆ ಮಾಡಿ, ಗಾಳಿಯೂ ನುಸುಳದಂತೆ ಸುತ್ತ ಹೊದಿಸಿದೆ. ಹಾವಿನ ಅಷ್ಟು ಹತ್ತಿರ ಕೈ ಹೋದದ್ದು ಜನ್ಮದಲ್ಲಿ ಅದೇ ಮೊದಲು. ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ವಾಪಸು ಬಂದ ಮಗಳು ಸೀರೆ ಎತ್ತಿದಳು. ಹಾವು ಕತ್ತು ಮೇಲೆತ್ತಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಅವಳು ಸೀರೆಯನ್ನು ಮೂಗಿಗೆ ಹಿಡಿದು, ದೂರ ಎಸೆದಳು. ನುಸಿ ಗುಳಿಗೆ! ವರ್ಷಗಟ್ಟಲೆ ಆ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ನನ್ನ ಮೂಗಿಗೆ ಅದು ಒಗೆದು ಮಡಿಸಿಟ್ಟ ಬಟ್ಟೆಯ ವಾಸನೆ, ಅಷ್ಟೇ. ಅದು ಹಾವಿಗೆ ವಿಷವೆಂದು ನನಗೆ ಹೊಳೆಯಲೇ ಇಲ್ಲ.

ಸದಾ ಇಂಗ್ಲಿಷ್ ಬೆರೆಸಿಯೇ ಮಾತಾಡುವ ಹುಡುಗಿ ಆಗ ಅಚ್ಚ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಬೇಕಂತ ಮಾಡಿದ್ಯಾ?"

"ಏನೇ ಹೀಗಂತೀಯ!"

"ನೀನೇ ಅಜ್ಜಿಗೆ ಫೋನಲ್ಲಿ ಹೇಳಿದ್ದೆ. ನುಸಿ ಗುಳಿಗೆ ಇಟ್ರೆ ಹಾವು ಇರಲ್ಲ, ಒಂದಿನ ಇಟ್ಟೇ ಬಿಡ್ತೀನಿ ಅಂತ."

ಹೇಳಿದ್ದು ನಿಜ. ಹೇಳಿ ನಕ್ಕಿದ್ದೂ ನಿಜ.

ಪ್ರಾಣಿಗಳ ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ಅವಳು ನನ್ನ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಹಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಫ್ರೀವೇ ಉದ್ದಕ್ಕೂ ನಾನು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಅದೂ ಒಂದು ಹಾವಿನ ಜೀವಕ್ಕೆ! ಹಾವು ಬದುಕಿತು. ಮೂರು ವಾರಕ್ಕೆ ಆರು ಮೊಟ್ಟೆಯಿಟ್ಟಿತು. "ಸಾರಿ ಕಣೇ, ಗೊತ್ತಿರಲಿಲ್ಲ," ಎಂದು ಎಷ್ಟು ಸಲ ಹೇಳಿದೆನೋ. "ಇಟ್ಸ್ ಓಕೆ," ಎನ್ನುತ್ತಾಳೆ, ಮುಖ ನೋಡದೆ.

ಈಗ ಆ ಪೆಟ್ಟಿಗೆಗೆ ಬೀಗ ಹಾಕಿದ್ದಾಳೆ. ಮನೆಯಲ್ಲಿ ಇರುವವರು ನಾವಿಬ್ಬರೇ. ಬೀಗದ ಕೈ ಎಲ್ಲಿದೆ ಎಂದು ನಾನು ಕೇಳಿಲ್ಲ. ಹೇಳಲ್ಲ ಅಂದುಬಿಟ್ಟರೆ ಎಂಬ ಭಯ, ಹಾವಿನ ಭಯಕ್ಕಿಂತ ದೊಡ್ಡದು.