ಚಸ್ಮಾ ಮಾರಲು ಕಲಿತದ್ದು

ಶಹಾಬಾದಿನ ಸಣ್ಣದೊಂದು ಕಣ್ಣಿನ ದವಾಖಾನೆಯಲ್ಲಿ ದೃಷ್ಟಿ ತಪಾಸಣೆ ಮಾಡುವುದು ನನ್ನ ಕೆಲಸ. ಜನರಿಲ್ಲದ ಹೊತ್ತಿನಲ್ಲಿ ನಾನೇ ಒಂದೊಂದು ಗಾಜನ್ನು ಕಣ್ಣಿಗೆ ಹಿಡಿದು ನೋಡುತ್ತಿದ್ದೆ. ಗೋಡೆಯ ಮೇಲಿನ ಅಕ್ಷರಗಳು ಕರಗಿ ಹರಡುತ್ತಿದ್ದವು. ಕಿಟಕಿಯಾಚೆಯ ಬೇವಿನ ಮರ ಹಸಿರು ಹೊಗೆಯಾಗುತ್ತಿತ್ತು. ದಿನವಿಡೀ ನನ್ನೆದುರು ಕೂರುವವರೆಲ್ಲ ಇಂಥ ಲೋಕದಿಂದ ಎದ್ದು ಬಂದವರಲ್ಲವೇ ಎಂದುಕೊಳ್ಳುತ್ತ ಹಾಗೇ ಕೂತುಬಿಡುತ್ತಿದ್ದೆ.

ಆಗ ಚಸ್ಮಾ ಪುಕ್ಕಟೆ. ನಮ್ಮ ಸಂಬಳ, ಹಳ್ಳಿಗಳಿಗೆ ಹೋಗುವ ವ್ಯಾನಿನ ಡೀಸೆಲ್ಲು, ಪೆಟ್ಟಿಗೆ ತುಂಬ ಒಂದೇ ಥರದ ಕರಿ ಫ್ರೇಮು, ಎಲ್ಲವೂ ದೂರದೇಶದ ಒಂದು ಸಂಸ್ಥೆಯ ನೆರವಿನಿಂದ ಬರುತ್ತಿದ್ದವು. ಒಂದು ಬೇಸಿಗೆಯಲ್ಲಿ ಆ ನೆರವು ನಿಂತಿತು. ದವಾಖಾನೆ ನಡೆಸುವ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು, "ಇನ್ನ ನಾವೇ ದುಡದು ನಡಸಬೇಕು. ಚಸ್ಮಾ ಮಾರೋಣು," ಎಂದರು.

"ಇಲ್ಲಿ ಯಾರ್ ತೊಗೋತಾರ್ರಿ ಮೇಡಂ?" ಎಂದೆ.

ಅವರು ಹೈದರಾಬಾದಿಗೆ ಹೋಗಿ ಬಣ್ಣಬಣ್ಣದ ಫ್ರೇಮುಗಳನ್ನು ತಂದು, ತಟ್ಟೆಗಳಲ್ಲಿಟ್ಟು ಮುಂದಿನ ಕೋಣೆಯಲ್ಲಿ ಜೋಡಿಸಿದರು.

ಬಂದವರು ಬೆಲೆ ಕೇಳಿ ಎದ್ದು ಹೋಗತೊಡಗಿದರು. ಕಾಳಗಿಯ ಹಿರಿಯರೊಬ್ಬರು, "ನಿನ್ನೀತನ ಪುಕ್ಕಟೆ ಕೊಟ್ಟು ಇವತ್ತ ರೊಕ್ಕ ಕೇಳ್ಲಿಕತ್ತೀರಿ. ಇದ್ಯಾವ ನ್ಯಾಯರಿ?" ಎಂದಾಗ ನಾನು ತಟ್ಟೆಯಲ್ಲಿನ ಫ್ರೇಮುಗಳನ್ನು ಒರೆಸತೊಡಗಿದೆ. ಕುಂಚಾವರಂ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದ ವ್ಯಾನು ಡೀಸೆಲ್ಲಿಲ್ಲದೆ ಅಂಗಳದಲ್ಲೇ ನಿಂತಿತ್ತು. ಅದರ ಮೇಲೆ ಬೇವಿನೆಲೆ ಬೀಳುವುದನ್ನು ನೋಡುತ್ತ ಮಧ್ಯಾಹ್ನಗಳು ಕಳೆದವು.

ಅಂಥದೇ ಒಂದು ಮಧ್ಯಾಹ್ನ ವಾಡಿಯಿಂದ ಮುಸ್ಲಿಂ ಅಜ್ಜಿಯೊಬ್ಬಳು ಸೊಸೆಯೊಡನೆ ಬಂದಳು. ಹಿಂದೊಮ್ಮೆ ನಾನೇ ಆಕೆಗೆ ಪುಕ್ಕಟೆಯ ಕರಿ ಫ್ರೇಮಿನ ಕನ್ನಡಕ ಕೊಟ್ಟಿದ್ದೆ.

"ಆ ಚಸ್ಮಾ ಏನಾತ್ರಿ ಅಮ್ಮಾ?"

"ಟ್ರಂಕಿನ್ಯಾಗ ಅದ ಬೇಟಾ. ಹಾಕ್ಕೊಂಡ್ರ ಮೊಮ್ಮಕ್ಕಳು ನಗ್ತಾವ."

ಆಕೆ ಕೆಂಪಂಚಿನ ಫ್ರೇಮೊಂದನ್ನು ಮೂಗಿಗೇರಿಸಿ ಸುತ್ತಲೂ ನೋಡಿದಳು. "ಆಯಿನಾ ಎಲ್ಲದ? ನನ್ನ ಮಾರಿ ನಾ ನೋಡ್ಕೋಬ್ಯಾಡಾ?"

ಕನ್ನಡಿ! ಇಷ್ಟು ವರ್ಷದಲ್ಲಿ ದವಾಖಾನೆಗೆ ಒಂದೂ ಕನ್ನಡಿ ತಂದಿರಲಿಲ್ಲ. ಪುಕ್ಕಟೆ ಕೊಡುವಾಗ ಅದು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎದುರಿನ ಕಟಿಂಗ್ ಅಂಗಡಿಗೆ ಓಡಿದೆ. ಅಂಗಡಿಯವನು ಗೋಡೆಯ ದೊಡ್ಡ ಕನ್ನಡಿಯನ್ನೇ ಇಳಿಸಿ, ಎದೆಗವಚಿಕೊಂಡು ರಸ್ತೆ ದಾಟಿದ. ಅದರೊಳಗೆ ಒಂದು ತುಂಡು ಆಕಾಶ, ನಿಧಾನ ಸರಿಯುವ ಕೆಂಪು ಬಸ್ಸು, ಸಿಮೆಂಟ್ ಫ್ಯಾಕ್ಟರಿಯ ಬಿಳಿ ಧೂಳು ಎಲ್ಲ ತೂಗಾಡುತ್ತ ನಮ್ಮ ಬಾಗಿಲಿಗೆ ಬಂದವು.

ಅಜ್ಜಿ ಇಳಿಹೊತ್ತಿನವರೆಗೆ ಕೂತಳು. ಒಂದೊಂದೇ ಹಾಕಿದಳು, ಸೆರಗು ಸರಿಮಾಡಿಕೊಂಡಳು, ಸೊಸೆಯತ್ತ ತಿರುಗಿದಳು. ಕೊನೆಗೆ ಜೇನುಬಣ್ಣದ್ದೊಂದನ್ನು ಆರಿಸಿ, ಸೊಂಟದ ಚೀಲ ಬಿಚ್ಚಿ, ಚೌಕಾಸಿ ಮಾಡಿಯೇ ಕೊಂಡಳು. ಹೋಗುವಾಗ ಅದನ್ನು ತೆಗೆಯಲಿಲ್ಲ.

ಮುಂದಿನ ವಾರ ಆಕೆಯ ಓಣಿಯ ಹೆಂಗಸರು ಬಂದರು. ಆಮೇಲೆ ಫ್ಯಾಕ್ಟರಿಯ ಕೆಲಸಗಾರರು, ಚಿತ್ತಾಪುರದ ದರ್ಜಿಗಳು. ಸೇಡಂನಲ್ಲೂ ಒಂದು ಸಣ್ಣ ಅಂಗಡಿ ತೆರೆದೆವು. ಸಂಬಳ ತಡವಾದ ತಿಂಗಳುಗಳೂ ಇದ್ದವು. ಒಬ್ಬ ಸಹೋದ್ಯೋಗಿ ಬೇಸತ್ತು ಬಿಟ್ಟೂ ಹೋದಳು. ಆದರೂ ಚಳಿಗಾಲಕ್ಕೆ, ಅಂಗಡಿಗಳ ದುಡಿಮೆಯಿಂದಲೇ ಡೀಸೆಲ್ಲು ತುಂಬಿಸಿಕೊಂಡು ವ್ಯಾನು ಚಿಂಚೋಳಿ ದಾಟಿತು. ಕೊಳ್ಳಲಾರದವರಿಗೆ ಪುಕ್ಕಟೆಯೇ, ಆದರೆ ಆರಿಸಿಕೊಳ್ಳುವುದು ಮಾರುವ ಫ್ರೇಮುಗಳ ಅದೇ ತಟ್ಟೆಯಿಂದ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ಕುಂಚಾವರಂನ ಕಾಡಂಚಿನಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಒಬ್ಬ ಮುದುಕನಿಗೆ ಅವನ ಹೆಂಡತಿಯೇ ಫ್ರೇಮು ಆರಿಸಿದಳು. "ಇದು ವದ್ದು, ಬ್ಯಾಡ. ಅದು ಕೊಡ್ರಿ," ಎಂದು ತೆಲುಗು ಬೆರೆಸಿ ಹೇಳುತ್ತ ಒಂದೊಂದನ್ನೂ ಅವನ ಮುಖಕ್ಕಿಟ್ಟು ತೆಗೆದಳು. ಸರಿಹೊಂದಿದ ಮೇಲೆ ಅವನು ಆಕೆಯನ್ನೇ ದಿಟ್ಟಿಸುತ್ತ ನಿಂತ.

"ಏನ್ ನೋಡ್ಲಿಕತ್ತೀ?"

"ಸುಮ್ಮ," ಎಂದ.

ಹಿಂದೆ ಸಾಲು ಬೆಳೆದಿತ್ತು. ಯಾರೂ ಅವಸರ ಮಾಡಲಿಲ್ಲ.